ಗಣಕಯಂತ್ರದೊಳಗೊಂದು ಹಾರುವ ಓತಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಅಡಿಕೆ ತೋಟಗಳಲ್ಲಿ ತಿರುಗಾಡಿದವರು ಒಂದು ವಿಚಿತ್ರವನ್ನು ಕಂಡಿರಬಹುದು. ಮರಕ್ಕೆ ಅಂಟಿಕೊಂಡಿದ್ದ ತೊಗಟೆಯ ಚೂರೊಂದು ಥಟ್ಟನೆ ಕಳಚಿಕೊಳ್ಳುತ್ತದೆ. ನೆಲಕ್ಕೆ ಬೀಳುವ ಬದಲು ಗಾಳಿಯಲ್ಲಿ ಓರೆಯಾಗಿ ತೇಲಿಹೋಗಿ, ಆಚೆಯ ಮರದ ಕಾಂಡಕ್ಕೆ ಮತ್ತೆ ಅಂಟಿಕೊಳ್ಳುತ್ತದೆ. ಹತ್ತಿರ ಹೋಗಿ ನೋಡಿದರೆ ಅದು ತೊಗಟೆಯಲ್ಲ, ಗೇಣುದ್ದದ ಒಂದು ಓತಿ. ಇದೇ ಹಾರುವ ಓತಿ. ಪೂರ್ಣಚಂದ್ರ ತೇಜಸ್ವಿಯವರ 1980ರ ಕಾದಂಬರಿ ‘ಕರ್ವಾಲೊ’ವನ್ನು ಓದಿದವರಿಗೆ ಈ ಪ್ರಾಣಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದದ್ದಿಲ್ಲ.

1758ರಲ್ಲಿ ಸ್ವೀಡನ್ನಿನ ಲಿನೀಯಸ್ ಎಂಬ ವಿಜ್ಞಾನಿ ಈ ಓತಿಗಳ ಕುಲಕ್ಕೆ ‘ಡ್ರೇಕೊ’ ಎಂದು ಹೆಸರಿಟ್ಟನು. ಡ್ರೇಕೊ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಘಟಸರ್ಪ. ಪಾಶ್ಚಾತ್ಯರ ಕಥೆಗಳಲ್ಲಿ ಬೆಂಕಿಯುಗುಳುವ ಡ್ರ್ಯಾಗನ್. ನಮ್ಮ ಪಶ್ಚಿಮ ಘಟ್ಟದ ಜಾತಿಗೆ ‘ಡ್ರೇಕೊ ಡುಸ್ಸುಮಿಯೇರಿ’ ಎಂದು ಹೆಸರು.

ಈ ಓತಿಯ ವಿಚಾರ ಈಗೇಕೆ ಬಂದಿತೆಂದು ವಾಚಕರು ಕೇಳಬಹುದು. ಇಂದಿನ ವಿದ್ಯಾರ್ಥಿಗಳಲ್ಲಿ ಒಂದು ಹೊಸ ಹವ್ಯಾಸ ಹಬ್ಬುತ್ತಿದೆ. ಗಣಕಯಂತ್ರದ ಪರದೆಯ ಮೇಲೆ ಜೇಡಿಮಣ್ಣನ್ನು ಮಿದ್ದಿದಂತೆ ಪ್ರಾಣಿಗಳ ಮೂರ್ತಿಗಳನ್ನು ಕಡೆಯುವುದು, ಅವಕ್ಕೆ ಚರ್ಮ, ಹುರುಪೆ, ಬಣ್ಣಗಳನ್ನು ತೊಡಿಸುವುದು, ಇದೇ ಆ ಹವ್ಯಾಸ. 1993ರ ‘ಜುರಾಸಿಕ್ ಪಾರ್ಕ್’ ಚಲಚ್ಚಿತ್ರದಲ್ಲಿ ಕೆಲವೇ ನಿಮಿಷಗಳ ಕಾಲ ಓಡಾಡಿದ ಗಣಕಯಂತ್ರದ ಡೈನೋಸಾರುಗಳು ಲೋಕವನ್ನೇ ಬೆರಗುಗೊಳಿಸಿದುವು. ಅಂದು ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯವಾಗಿದ್ದ ಆ ಕೆಲಸವನ್ನು ಇಂದು ಮನೆಯ ಸಾಧಾರಣ ಯಂತ್ರದಲ್ಲಿಯೂ ಮಾಡಬಹುದಾಗಿದೆ. ಕಲಿಯ ಹೊರಟವರೆಲ್ಲರೂ ಮೊದಲು ಮಾಡಲೆಳಸುವುದು ಡ್ರ್ಯಾಗನ್ನನ್ನು. ನಮ್ಮ ಆಸೆಯೂ ಅದೇ ಆಗಿದ್ದಿತು. ಆದರೆ ನಿಜವಾದ ಡ್ರೇಕೊ ತೋಟದಲ್ಲಿಯೇ ಇರುವಾಗ ಸಿನಿಮಾದ ಡ್ರ್ಯಾಗನ್ನನ್ನು ನಕಲು ಮಾಡುವುದೇಕೆ ಎಂದುಕೊಂಡು ಓತಿಯನ್ನೇ ಆರಿಸಿಕೊಂಡೆವು. ಅದು ಸುಲಭದ ಕೆಲಸವೆಂದು ಬಗೆದದ್ದು ನಮ್ಮ ತಪ್ಪು. ಆ ತಪ್ಪಿನಿಂದ ಕಲಿತದ್ದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಬಿಂದುಗಳ ಬಲೆ

ಪರದೆಯ ಮೇಲಿನ ಮೂರ್ತಿ ಯಾವುದರಿಂದ ಆಗಿದೆ? ಅಲ್ಲಿ ಮಣ್ಣೂ ಇಲ್ಲ, ಮರವೂ ಇಲ್ಲ. ಇರುವುದು ಬರಿಯ ಸಂಖ್ಯೆಗಳು. ಆಕಾಶದಲ್ಲಿ ಒಂದು ಬಿಂದುವಿನ ಸ್ಥಾನವನ್ನು ಹೇಳಲು ಮೂರು ಸಂಖ್ಯೆಗಳು ಸಾಕು: ಎಡಬಲಕ್ಕೆ ಎಷ್ಟು, ಹಿಂದುಮುಂದಕ್ಕೆ ಎಷ್ಟು, ಮೇಲುಕೆಳಕ್ಕೆ ಎಷ್ಟು ಎಂಬುದು. ಇಂಥ ಬಿಂದುಗಳನ್ನು ಗೆರೆಗಳಿಂದ ಜೋಡಿಸಿ, ನಾಲ್ಕು ಗೆರೆಗಳ ನಡುವಣ ಜಾಗಕ್ಕೆ ಒಂದು ಹಾಳೆಯನ್ನು ಹೊದಿಸಿದರೆ ಒಂದು ಮುಖವಾಗುತ್ತದೆ. ಬಿಂದು, ಅಂಚು, ಮುಖ ಇವು ಮೂರೂ ಸೇರಿ ಒಂದು ಬಲೆಯಾಗುತ್ತದೆ. ಇದಕ್ಕೆ ಮೆಶ್ ಎನ್ನುತ್ತಾರೆ. ಒಳಗೆ ಟೊಳ್ಳು, ಹೊರಮೈ ಮಾತ್ರ ಉಂಟು.

ಒಂದು ಘನಾಕೃತಿಯನ್ನು ತೆಗೆದುಕೊಳ್ಳೋಣ. ಅದಕ್ಕೆ 8 ಮೂಲೆಬಿಂದುಗಳು, 12 ಅಂಚುಗಳು, 6 ಮುಖಗಳು. ಬಿಂದುಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿಸಿದರೆ 2 ಬರುತ್ತದೆ. ತೂತಿಲ್ಲದ ಯಾವ ಮುಚ್ಚಿದ ಬಲೆಗಾದರೂ ಈ 2 ಬಂದೇ ಬರಬೇಕೆಂದು 18ನೆಯ ಶತಮಾನದ ಗಣಿತಜ್ಞ ಆಯ್ಲರ್ ತೋರಿಸಿದನು. ಪ್ರತಿಯೊಂದು ಮುಖದ ನಡುವೆ ಒಂದು, ಪ್ರತಿಯೊಂದು ಅಂಚಿನ ನಡುವೆ ಒಂದರಂತೆ ಹೊಸ ಬಿಂದುಗಳನ್ನಿಟ್ಟು ಘನವನ್ನು ಒಡೆದರೆ 26 ಬಿಂದು, 48 ಅಂಚು, 24 ಮುಖಗಳಾಗುತ್ತವೆ. ಲೆಕ್ಕ ಹಾಕಿ ನೋಡಿ. ಈಗಲೂ ಉತ್ತರ 2.

ಹೀಗೆ ಒಡೆಯುವಾಗ ಹೊಸ ಬಿಂದುಗಳನ್ನೂ ಹಳೆಯ ಬಿಂದುಗಳನ್ನೂ ನೆರೆಯ ಬಿಂದುಗಳ ಸರಾಸರಿಯ ಕಡೆಗೆ ತುಸು ಎಳೆದರೆ ಮೂಲೆಗಳು ಸವೆದು ಘನವು ಉಂಡೆಯಂತೆ ನುಣುಪಾಗುತ್ತದೆ. ಈ ಎಳೆತಕ್ಕೆ ತಕ್ಕ ನಿಯಮವನ್ನು ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ ಎಂಬವರು 1978ರಲ್ಲಿ ಪ್ರಕಟಿಸಿದರು. ಪ್ರತಿ ಬಾರಿ ಒಡೆದಾಗಲೂ ಮುಖಗಳು ನಾಲ್ಕು ಮಡಿಯಾಗುತ್ತವೆ: 6, 24, 96, 384, 1,536. ಒಂಬತ್ತನೆಯ ಸಲಕ್ಕೆ ಅವುಗಳ ಸಂಖ್ಯೆ 15,72,864. ಓತಿಯ ಮೈಮೇಲಿನ ಒಂದೊಂದು ಹುರುಪೆಯನ್ನೂ ಬಿಡಿಸಲು ಇಷ್ಟು ನವಿರಾದ ಬಲೆ ಸಾಕಾಗುತ್ತದೆ.

ಹದಿನೈದು ಲಕ್ಷ ಬಿಂದುಗಳನ್ನು ಒಂದೊಂದಾಗಿ ಸರಿಸುವುದು ಮನುಷ್ಯಮಾತ್ರದವರಿಂದ ಆಗುವುದಿಲ್ಲ. ಅದಕ್ಕಾಗಿಯೇ ‘ಬ್ರಷ್’ ಇರುವುದು. ಇದು ಬಣ್ಣದ ಕುಂಚವಲ್ಲ, ಒಂದು ವೃತ್ತ. ವೃತ್ತದ ನಡುವಿನ ಬಿಂದು ಹತ್ತು ಪಾಲು ಸರಿದರೆ ಅರ್ಧ ದೂರದಲ್ಲಿರುವುದು ಐದು ಪಾಲಿನಷ್ಟು ಸರಿಯುವಂತೆಯೂ ಅಂಚಿನಲ್ಲಿರುವುದು ಅಲುಗದಂತೆಯೂ ಅದನ್ನು ಗೊತ್ತುಪಡಿಸಬಹುದು. ಆದುದರಿಂದ ಒತ್ತಿದೆಡೆ ಹೆಬ್ಬೆರಳಿನಿಂದ ಮಣ್ಣನ್ನು ಒತ್ತಿದಂತೆಯೇ ಕಾಣುತ್ತದೆ. ಎಳೆಯುವ ಬ್ರಷ್, ಮಣ್ಣು ಮೆತ್ತುವ ಬ್ರಷ್, ಕೊರೆಯುವ ಬ್ರಷ್, ನುಣುಪು ಮಾಡುವ ಬ್ರಷ್ ಎಂದು ಇವುಗಳಲ್ಲಿ ಹಲವು ಬಗೆ. ನಾಲ್ಕು ಬ್ರಷ್‌ಗಳನ್ನು ಚೆನ್ನಾಗಿ ಅರಿತರೆ ಮೊದಲ ವರ್ಷಕ್ಕೆ ಸಾಕು.

ಮೊದಲು ಮುದ್ದೆ, ಆಮೇಲೆ ಹುರುಪೆ

ನಾವು ಮಾಡಿದ ಮೊದಲ ಓತಿಯ ಕಥೆಯನ್ನು ಮುಚ್ಚಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಒಂದು ಉಂಡೆಯನ್ನು ಉದ್ದಕ್ಕೆಳೆದು, ಬಲೆಯನ್ನು ಆದಷ್ಟು ನವಿರು ಮಾಡಿ, ಎರಡು ಸಂಜೆಗಳ ಕಾಲ ಹುರುಪೆಗಳನ್ನು ಮೂಡಿಸಿದೆವು. ಎದುರಿನಿಂದ ನೋಡಿದಾಗ ತೃಪ್ತಿಯಾಯಿತು. ಮೂರ್ತಿಯನ್ನು ತಿರುಗಿಸಿ ಪಕ್ಕದಿಂದ ನೋಡಿದೆವು. ಅದು ಓತಿಯಾಗಿರಲಿಲ್ಲ, ಹುರುಪೆ ಮೂಡಿದ ಮೊಗೆಕಾಯಿಯಾಗಿದ್ದಿತು. ಕುತ್ತಿಗೆಯಿಲ್ಲ, ಭುಜವಿಲ್ಲ, ಸೊಂಟವಿಲ್ಲ. ತಿದ್ದಹೋದರೆ ಇನ್ನೊಂದು ಕಷ್ಟ. ಬಲೆ ಅತಿ ನವಿರಾಗಿದ್ದುದರಿಂದ ಎಲ್ಲಿ ಎಳೆದರೂ ಗಂಟುಗಂಟಾಗಿ ಬರುತ್ತಿದ್ದಿತು, ಎರಡು ಸಂಜೆಯ ಹುರುಪೆಗಳೂ ಅಳಿಸಿಹೋಗುತ್ತಿದ್ದುವು.

ಈ ಪಾಠವನ್ನು ಈ ಸೀಮೆಯ ಕುಶಲಕರ್ಮಿಗಳು ಗಣಕಯಂತ್ರವಿಲ್ಲದೆಯೇ ಬಲ್ಲರು. ಶಿರಸಿ, ಸಿದ್ದಾಪುರ, ಸಾಗರ, ಸೊರಬಗಳ ಗುಡಿಗಾರರು ಗಂಧದ ಕೆತ್ತನೆಗೂ ಬೆಂಡಿನ ಬಾಸಿಂಗಗಳಿಗೂ ಹೆಸರಾದವರು. ಕೆತ್ತನೆಗಾರನು ಮರದ ತುಂಡಿನ ಮೇಲೆ ಮೊದಲು ರೇಖೆ ಹಾಕಿಕೊಳ್ಳುತ್ತಾನೆ. ಗರಗಸದಿಂದಲೂ ದೊಡ್ಡ ಉಳಿಯಿಂದಲೂ ಹೆಚ್ಚಿನ ಮರವನ್ನು ತೆಗೆದು ತಲೆ, ಎದೆ, ಸೊಂಟಗಳ ಮುದ್ದೆಗಳನ್ನು ಬಿಡಿಸುತ್ತಾನೆ. ಒಡವೆಯ ಮಣಿಗಳಿಗೆ ಸಣ್ಣ ಉಳಿ ಬರುವುದು ಕಡೆಗೆ. ಚೌತಿಗೆ ಮುಂಚೆ ಮಣ್ಣಿನ ಗಣಪತಿಯನ್ನು ಮಾಡುವ ಮನೆಗೆ ಹೋಗಿ ನೋಡಿದರೂ ಇದೇ ಕ್ರಮ. ಹೊಟ್ಟೆಯ ಮುದ್ದೆ ನಿಂತ ಮೇಲೆ ಸೊಂಡಿಲು, ಸೊಂಡಿಲು ನಿಂತ ಮೇಲೆ ಕಿರೀಟ. ಗಂಧದ ಮರದಲ್ಲಿ ಒಮ್ಮೆ ತೆಗೆದ ಚೂರನ್ನು ಮರಳಿ ಅಂಟಿಸುವಂತಿಲ್ಲ. ಆದುದರಿಂದ ಅಲ್ಲಿ ಆತುರಕ್ಕೆ ಎಡೆಯಿಲ್ಲ. ಗಣಕಯಂತ್ರದಲ್ಲಿ ಒಂದು ಗುಂಡಿಯನ್ನೊತ್ತಿ ಮಾಡಿದ್ದನ್ನು ಅಳಿಸಬಹುದು. ಈ ಸೌಕರ್ಯವೇ ಕಲಿಯುವವನನ್ನು ಅವಸರಕ್ಕೆ ಎಳೆಯುತ್ತದೆ.

ಕ್ರಮಕ್ಕೆ ಗಣಿತದ ಕಾರಣವೂ ಉಂಟು. 384 ಮುಖಗಳ ಬಲೆಯಲ್ಲಿ ಓತಿಯ ಹೊಟ್ಟೆಯ ಆಕಾರವನ್ನು ಇಪ್ಪತ್ತು ಬಿಂದುಗಳು ನಿರ್ಧರಿಸುತ್ತಿದ್ದರೆ, ಆ ಇಪ್ಪತ್ತನ್ನು ಸರಿಸಿದರೆ ಹೊಟ್ಟೆ ತಾನಾಗಿ ನುಣುಪಾಗಿ ಬದಲಾಗುತ್ತದೆ. ಇನ್ನು ನಾಲ್ಕು ಬಾರಿ ಒಡೆದರೆ ಮುಖಗಳು 256 ಮಡಿಯಾಗಿ, ಅದೇ ಹೊಟ್ಟೆಗೆ ಸುಮಾರು ಐದು ಸಾವಿರ ಬಿಂದುಗಳಿರುತ್ತವೆ. ಅವೆಲ್ಲವನ್ನೂ ಒಂದೇ ಹದದಲ್ಲಿ ಸರಿಸುವುದು ದುಸ್ಸಾಧ್ಯ. ಆದುದರಿಂದ ಒರಟು ಬಲೆಯಲ್ಲಿ ಸಾಧ್ಯವಾದುದೆಲ್ಲವನ್ನೂ ಮಾಡಿ ಮುಗಿಸಿದ ಮೇಲೆಯೇ ಮುಂದಿನ ಒಡೆತಕ್ಕೆ ಹೋಗತಕ್ಕದ್ದು.

ರೆಕ್ಕೆಯೋ, ಪಕ್ಕೆಯೋ?

ಎರಡನೆಯ ಓತಿಯನ್ನು ಕ್ರಮವಾಗಿ ಆರಂಭಿಸಿದೆವು. ತಲೆ, ಎದೆ, ಸೊಂಟ, ಮೈಯ ಒಟ್ಟು ಉದ್ದದಲ್ಲಿ ಅರ್ಧಕ್ಕೂ ಮಿಕ್ಕಿದ ಬಾಲ ಇವು ತಕ್ಕಮಟ್ಟಿಗೆ ನಿಂತುವು. ಬಳಿಕ ರೆಕ್ಕೆಯ ಸರದಿ. ಓತಿ ತೇಲುವುದನ್ನು ನಾವು ಅನೇಕ ಸಲ ಕಂಡಿದ್ದೆವು. ನೆನಪಿನಿಂದಲೇ ಮುಂಗಾಲುಗಳಿಗೆ ತಗುಲಿದಂತೆ, ಬಾವಲಿಯ ಮಾದರಿಯಲ್ಲಿ ಎರಡು ರೆಕ್ಕೆಗಳನ್ನು ಮಾಡಿದೆವು. ಸಿದ್ದಾಪುರದ ಕಡೆಯ ತೋಟವೊಂದರಲ್ಲಿ ಅಡಿಕೆ ಕೊನೆ ತೆಗೆಯಲು ಬಂದ ಕೊನೆಗೌಡರೊಬ್ಬರಿಗೆ ಅದನ್ನು ಹೆಮ್ಮೆಯಿಂದ ತೋರಿಸಿದೆವು. ಮರದಿಂದ ಮರಕ್ಕೆ ತೂಗಿ ದಾಟುತ್ತ, ಓತಿಯನ್ನು ಮೊಳದಂತರದಲ್ಲಿ ನೋಡುತ್ತ ಬಂದವರು ಅವರು. ಸ್ವಲ್ಪ ಹೊತ್ತು ನೋಡಿ, “ಇದು ಬಾವಲಿಯಾಯಿತಲ್ಲ ಸ್ವಾಮಿ. ಓತಿಗಿರುವುದು ರೆಕ್ಕೆಯಲ್ಲ, ಪಕ್ಕೆ” ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಹಾರುವ ಪ್ರಾಣಿಗಳು ತಮ್ಮ ಹಾಸನ್ನು ಬೇರೆಬೇರೆ ವಿಧಗಳಿಂದ ಪಡೆದಿವೆ. ನಮ್ಮ ತೋಳನ್ನೇ ನೋಡಿಕೊಳ್ಳಿ: ಭುಜದಿಂದ ಮೊಣಕೈಯವರೆಗೆ ಒಂದು ಎಲುಬು, ಅಲ್ಲಿಂದ ಮಣಿಕಟ್ಟಿನವರೆಗೆ ಎರಡು, ಮಣಿಕಟ್ಟಿನಲ್ಲಿ ಸಣ್ಣ ಎಲುಬುಗಳ ಗುಂಪು, ಅನಂತರ ಬೆರಳುಗಳು. ಬಾವಲಿಗೂ ಇದೇ ಏರ್ಪಾಡು. ಅದರ ಬೆರಳುಗಳು ಕೊಡೆಯ ಕಡ್ಡಿಗಳಂತೆ ಉದ್ದವಾಗಿ ಬೆಳೆದು ಚರ್ಮವನ್ನು ಹಿಡಿದಿವೆ. ಹಕ್ಕಿಯಲ್ಲಿ ಬೆರಳುಗಳು ಕುಗ್ಗಿ ಗರಿಗಳು ಬಂದಿವೆ. ಮಲೆನಾಡಿನವರು ಹಾರುಬೆಕ್ಕೆನ್ನುವ ದೊಡ್ಡ ಅಳಿಲಿಗೆ ಮುಂಗಾಲು ಹಿಂಗಾಲುಗಳ ನಡುವೆ ಚರ್ಮದ ಹಾಸುಂಟು. ಹಾರುವ ಓತಿಯ ಏರ್ಪಾಡು ಇವಾವುವನ್ನೂ ಹೋಲುವುದಿಲ್ಲ. ಅದರ ಐದಾರು ಜೊತೆ ಪಕ್ಕೆಲುಬುಗಳು ಮೈಯಿಂದ ಹೊರಕ್ಕೆ ನೀಳವಾಗಿ ಬೆಳೆದಿವೆ. ಅವುಗಳ ಮೇಲೆ ತೆಳ್ಳನೆಯ ಚರ್ಮಪಟಲವಿದೆ. ಬೇಡದಾಗ ಬೀಸಣಿಗೆಯಂತೆ ಮಡಿಸಿ ಮೈಗೆ ಒತ್ತಿಕೊಳ್ಳುತ್ತದೆ, ಜಿಗಿದಾಗ ಬಿಚ್ಚುತ್ತದೆ. ಕಾಲುಗಳು ನಾಲ್ಕೂ ಮರ ಹತ್ತುವುದಕ್ಕೆ ಬಿಡುವಾಗಿಯೇ ಇರುತ್ತವೆ.

ರೆಕ್ಕೆಗಳನ್ನು ಕಿತ್ತು ಪಕ್ಕೆಲುಬುಗಳನ್ನು ಕೂರಿಸಿದೆವು. ಆದರೂ ಕೆಲಸ ಮುಗಿಯಲಿಲ್ಲ. ತೇಲುವಾಗ ಓತಿಯ ಮುಂಗೈಗಳು ಎಲ್ಲಿರುತ್ತವೆ? ಮುಂದಕ್ಕೆ ಚಾಚಿರುತ್ತವೆಂದು ನಾವು ನಂಬಿದ್ದೆವು. ಪಟಲವನ್ನು ಪಕ್ಕೆಲುಬುಗಳೇ ಬಿಚ್ಚಿ ಹಿಡಿಯುತ್ತವೆ, ಕೈಗಳಿಗೆ ಅದರಲ್ಲಿ ಪಾತ್ರವಿಲ್ಲ ಎಂಬ ಭಾವನೆ ಬಹುಕಾಲದಿಂದ ಪ್ರಾಣಿಶಾಸ್ತ್ರದಲ್ಲಿಯೂ ಇದ್ದಿತು. 2017ರಲ್ಲಿ ಡೇಲಿಂಗ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞರು ನಮ್ಮ ಪಶ್ಚಿಮ ಘಟ್ಟದಲ್ಲಿ ಇದೇ ಜಾತಿಯ ಓತಿಯು ತೇಲುವುದನ್ನು ಛಾಯಾಚಿತ್ರಗಳಲ್ಲಿ ಸೆರೆಹಿಡಿದು ಪರಿಶೀಲಿಸಿ, ಓತಿಯು ಜಿಗಿದ ಬಳಿಕ ಮುಂಗೈಗಳನ್ನು ಹಿಂದಕ್ಕೆ ತಂದು ಪಟಲದ ಮುಂದಂಚನ್ನು ಹಿಡಿದುಕೊಳ್ಳುತ್ತದೆಂದು ತೋರಿಸಿದರು. ಇಳಿಯುವ ಹೊತ್ತಿಗೆ ಕೈ ಬಿಟ್ಟು ಕಾಂಡವನ್ನು ಹಿಡಿಯುತ್ತದೆ. ಶತಮಾನಗಳಿಂದ ಜನರ ಕಣ್ಣೆದುರಿಗೆ ನಡೆದ ಕ್ರಿಯೆ ಇದು.

ನಾವೂ ಅದನ್ನು ನೂರು ಸಲ ನೋಡಿದ್ದೆವು, ಕಂಡಿರಲಿಲ್ಲ. ‘ಹಾರುವ ಓತಿ’ ಎಂದು ಬಾಯಲ್ಲಿ ಹೇಳುವಾಗ ಕೈಯ ಪ್ರಶ್ನೆ ಬರುವುದೇ ಇಲ್ಲ. ಚಿತ್ರ ಬರೆಯುವಾಗಲೂ ಗೊತ್ತಿಲ್ಲದ ಕಡೆಗೆ ನೆರಳು ಬಳಿದೋ ಎಲೆಯನ್ನು ಅಡ್ಡ ತಂದೋ ತಪ್ಪಿಸಿಕೊಳ್ಳಬಹುದು. ಎಲ್ಲ ಪಕ್ಕಗಳಿಂದಲೂ ತಿರುಗಿಸಿ ನೋಡತಕ್ಕ ಮೂರ್ತಿಯಲ್ಲಿ ಅಜ್ಞಾನಕ್ಕೆ ಅಡಗುವ ಜಾಗವಿಲ್ಲ. ಕೈ ಎಲ್ಲಿದೆಯೆಂಬುದನ್ನು ನಿರ್ಧರಿಸಿಯೇ ತೀರಬೇಕು. ಈ ಹವ್ಯಾಸದಿಂದ ದೊರೆಯುವ ನಿಜವಾದ ಲಾಭ ಇದೇ ಎಂದು ನಮಗೆ ತೋರುತ್ತದೆ.

ಕಲ್ಪನೆಯ ಪ್ರಾಣಿಗೂ ಈ ನಿಯಮ ತಪ್ಪಿದ್ದಲ್ಲ. ಸಿನಿಮಾದ ಡ್ರ್ಯಾಗನ್ನಿಗೆ ನಾಲ್ಕು ಕಾಲು ಎರಡು ರೆಕ್ಕೆಗಳಿದ್ದರೆ ಒಟ್ಟು ಆರು ಅವಯವಗಳಾದುವು. ಬೆನ್ನೆಲುಬುಳ್ಳ ಯಾವ ಪ್ರಾಣಿಗೂ ನಾಲ್ಕಕ್ಕಿಂತ ಹೆಚ್ಚಿಲ್ಲ. ಹಾಗಾದರೆ ರೆಕ್ಕೆಯ ಸ್ನಾಯುಗಳು ಎಲ್ಲಿ ಅಂಟಿವೆ? ಎರಡನೆಯ ಜೊತೆ ಭುಜವೆಲ್ಲಿ? ಇದಕ್ಕೊಂದು ಉತ್ತರವನ್ನು ಯೋಚಿಸಿಕೊಂಡವನ ಡ್ರ್ಯಾಗನ್ ಹಾರಬಲ್ಲುದೆಂದು ನೋಡುವವರಿಗೆ ನಂಬಿಕೆ ಬರುತ್ತದೆ. ಹೊಯ್ಸಳ ಶಿಲ್ಪಿಗಳ ಮಕರವನ್ನು ನೆನೆಸಿಕೊಳ್ಳಿ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ! ಅಂಥ ಪ್ರಾಣಿ ಎಲ್ಲಿಯೂ ಇಲ್ಲ. ಆದರೂ ಬೇಲೂರು ಹಳೆಬೀಡುಗಳಲ್ಲಿ ಅದನ್ನು ನೋಡುವಾಗ ಅನುಮಾನ ಬರುವುದಿಲ್ಲ. ಆ ಶಿಲ್ಪಿಗಳು ಒಂದೊಂದು ಪ್ರಾಣಿಯನ್ನೂ ಬಿಡಿಯಾಗಿ ಬಲ್ಲವರಾಗಿದ್ದರು.

ಚರ್ಮವನ್ನು ಬಿಚ್ಚಿ ಹಾಸುವುದು

ಆಕಾರ ನಿಂತಿತು. ಇನ್ನು ಬಣ್ಣ. ಗಣಕಯಂತ್ರದಲ್ಲಿ ಬಣ್ಣದ ಚಿತ್ರವೆಂಬುದು ಚಪ್ಪಟೆಯಾದ ಚೌಕ. ಅದನ್ನು ಉಬ್ಬುತಗ್ಗಿನ ಮೈಗೆ ಅಂಟಿಸುವುದು ಹೇಗೆ? 1974ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಮೇಲೆ ಹೇಳಿದ ಕ್ಯಾಟ್ಮಲ್‌ರೇ ತಮ್ಮ ಪ್ರೌಢಪ್ರಬಂಧದಲ್ಲಿ ಇದಕ್ಕೆ ದಾರಿ ತೋರಿದರು. ಬಲೆಯ ಪ್ರತಿಯೊಂದು ಬಿಂದುವಿಗೂ ಆಕಾಶದ ಮೂರು ಸಂಖ್ಯೆಗಳ ಜೊತೆಗೆ, ಚಿತ್ರದ ಚೌಕದಲ್ಲಿ ಅದರ ಸ್ಥಾನವನ್ನು ಹೇಳುವ ಇನ್ನೆರಡು ಸಂಖ್ಯೆಗಳನ್ನು ಕೊಡುವುದು. ಆಗ ಮೂಗಿನ ತುದಿಗೆ ಚಿತ್ರದ ಯಾವ ಚುಕ್ಕೆ, ಬಾಲದ ತುದಿಗೆ ಯಾವುದು ಎಂಬುದು ಗೊತ್ತಾಗುತ್ತದೆ.

ಇದಕ್ಕಾಗಿ ಮೂರ್ತಿಯ ಚರ್ಮವನ್ನು ಕತ್ತರಿಸಿ, ಬಿಚ್ಚಿ, ಚಪ್ಪಟೆಯಾಗಿ ಹಾಸಬೇಕು. ಕಿತ್ತಳೆಯ ಸಿಪ್ಪೆಯನ್ನು ಮೇಜಿನ ಮೇಲೆ ಹಾಸಿ ನೋಡಿದವರಿಗೆ ತೊಡಕು ತಿಳಿದೀತು. ಒತ್ತಿದರೆ ಅಂಚು ಹರಿಯುತ್ತದೆ. ದುಂಡನೆಯ ಮೈಯನ್ನು ಹಿಗ್ಗಿಸದೆ ಕುಗ್ಗಿಸದೆ ಚಪ್ಪಟೆ ಮಾಡುವುದು ಅಸಾಧ್ಯವೆಂಬುದು ಗಣಿತಜ್ಞ ಗೌಸ್ 1827ರಲ್ಲಿ ಸ್ಥಾಪಿಸಿದ ಪ್ರಮೇಯದಿಂದ ಹೊರಡುತ್ತದೆ. ಶಾಲೆಯ ಗೋಡೆಯ ಮೇಲಿನ ಭೂಪಟವೇ ಇದಕ್ಕೆ ಸಾಕ್ಷಿ. ಮರ್ಕೇಟರ್ ಪದ್ಧತಿಯ ಪಟದಲ್ಲಿ ಗ್ರೀನ್‌ಲೆಂಡು ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ವಾಸ್ತವವಾಗಿ ಆಫ್ರಿಕಾ ಅದರ ಸುಮಾರು ಹದಿನಾಲ್ಕು ಮಡಿ ದೊಡ್ಡದು.

ವಿಕೃತಿಯನ್ನು ಪೂರ್ತಿ ನೀಗಿಸಲಾಗದು. ಆದರೆ ಕಾಣದ ಕಡೆಗೆ ತಳ್ಳಬಹುದು. ದರ್ಜಿಯು ಹೊಲಿಗೆಯನ್ನು ಒಳಮಗ್ಗುಲಿಗೆ ಹಾಕುವಂತೆ, ಚರ್ಮವನ್ನು ಹೊಟ್ಟೆಯ ನಡುಗೆರೆಯಲ್ಲಿಯೂ ಕಾಲುಗಳ ಒಳಭಾಗದಲ್ಲಿಯೂ ಕತ್ತರಿಸುತ್ತೇವೆ. ಆಮೇಲೆ ಅದರ ಮೇಲೆ ಚದುರಂಗದ ಹಾಸಿನಂಥ ಕಪ್ಪುಬಿಳುಪಿನ ಮನೆಗಳ ಚಿತ್ರವನ್ನು ಅಂಟಿಸಿ ಪರೀಕ್ಷಿಸಬೇಕು. ಎಲ್ಲಿ ಮನೆಗಳು ಚೌಕವಾಗಿಯೇ ಉಳಿದಿವೆಯೋ ಅಲ್ಲಿ ಹಾಸು ಸರಿಯಾಗಿದೆ. ಉದ್ದುದ್ದವಾಗಿದ್ದರೆ ಅಲ್ಲಿ ಚರ್ಮ ಎಳೆದುಕೊಂಡಿದೆ. 2,048 ಚುಕ್ಕೆಗಳ ಅಗಲ, ಅಷ್ಟೇ ಎತ್ತರದ ಒಂದು ಚಿತ್ರದಲ್ಲಿ ಒಟ್ಟು 41,94,304 ಚುಕ್ಕೆಗಳಿರುತ್ತವೆ. ಮೊದಲ ಓತಿಗೆ ಅಷ್ಟು ಧಾರಾಳವಾಗಿ ಸಾಕು.

ಬಣ್ಣ ಬಳಿಯುವಾಗಲೂ ಒರಟಿನಿಂದ ನವಿರಿಗೆ ಹೋಗುವ ಕ್ರಮವೇ. ಮೊದಲು ಮೈಗೆಲ್ಲ ಬೂದುಮಿಶ್ರಿತ ಕಂದು. ಅದರ ಮೇಲೆ ಅಡಿಕೆಯ ಕಾಂಡದ ಕಲೆಗಳನ್ನು ಹೋಲುವ ದೊಡ್ಡ ತೇಪೆಗಳು. ಈ ತೇಪೆಗಳಿಂದಲೇ ಓತಿಯು ಕಾಂಡದಲ್ಲಿ ಕಾಣದಾಗುವುದು. ಆದುದರಿಂದ ಓತಿಯನ್ನು ಎಷ್ಟು ನೋಡುತ್ತೇವೆಯೋ ಕಾಂಡವನ್ನೂ ಅಷ್ಟೇ ನೋಡಬೇಕು. ಬಳಿಕ ಮಡಿಕೆಗಳಲ್ಲಿ ತುಸು ಕಪ್ಪು, ಉಬ್ಬುಗಳಲ್ಲಿ ತುಸು ತಿಳಿ. ಗಂಡಿಗೆ ಗಂಟಲಿನ ಕೆಳಗೆ ಜೋಲುವ ಹಳದಿಯ ಚೀಲವುಂಟು; ಅದನ್ನು ಆಗಾಗ ಮುಂದಕ್ಕೆ ಚಾಚಿ ತೋರಿಸುತ್ತದೆ. ಪಟಲಕ್ಕೂ ಗಂಟಲ ಚೀಲಕ್ಕೂ ಹಿಂದಿನಿಂದ ಬೆಳಕು ಬಿದ್ದಾಗ ಅವು ಎಲೆಯಂತೆ ಬೆಳಕನ್ನು ಒಳಬಿಟ್ಟುಕೊಂಡು ಹೊಳೆಯುತ್ತವೆ. ತೆಳುವಾದ ಚರ್ಮಕ್ಕೂ ದಪ್ಪ ಚರ್ಮಕ್ಕೂ ಇರುವ ಈ ಭೇದವನ್ನು ಮರೆತರೆ ಮೂರ್ತಿ ಪ್ಲಾಸ್ಟಿಕ್ಕಿನ ಆಟಿಕೆಯಾಗುತ್ತದೆ.

ಇಲ್ಲದ ಉಬ್ಬು

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಕಾವಿಯ ಚಿತ್ರಗಳಿವೆ. ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರವನ್ನು ಬಳಿದು, ಅದನ್ನು ಹೆರೆದು ಒಳಗಿನ ಬಿಳುಪನ್ನು ತೋರಿಸುವುದು ಕಾವಿಯ ವಿಧಾನ. ಅಲ್ಲಿ ಎರಡೇ ಬಣ್ಣ. ಬೆಳಕು ಎತ್ತ ಕಡೆಯಿಂದ ಬಂದರೂ ಚಿತ್ರ ಬದಲಾಗುವುದಿಲ್ಲ. ಓತಿಯ ಹುರುಪೆಯ ವಿಷಯ ಹಾಗಲ್ಲ. ಬೆಳಗಿನ ಓರೆಬಿಸಿಲಿನಲ್ಲಿ ಒಂದೊಂದು ಹುರುಪೆಗೂ ಬೆಳಕಿನ ಪಕ್ಕ, ನೆರಳಿನ ಪಕ್ಕಗಳಿರುತ್ತವೆ. ಬಿಸಿಲು ಸರಿದಂತೆ ಅವೂ ಸರಿಯುತ್ತವೆ. ಬರಿಯ ಬಣ್ಣದಿಂದ ಇದು ಸಾಧಿಸದು. ಹಾಗೆಂದು ಒಂದೊಂದು ಹುರುಪೆಯನ್ನೂ ಬಲೆಯಲ್ಲಿಯೇ ಮೂಡಿಸಿದರೆ ಸಾಧಾರಣ ಯಂತ್ರಕ್ಕೆ ಭಾರವಾಗುತ್ತದೆ.

1978ರಲ್ಲಿ ಜಿಮ್ ಬ್ಲಿನ್ ಎಂಬ ಅಮೆರಿಕನ್ ವಿಜ್ಞಾನಿ ಇದಕ್ಕೊಂದು ಜಾಣ್ಮೆಯ ಉಪಾಯವನ್ನು ಕಂಡುಹಿಡಿದನು. ನಾವು ಉಬ್ಬುತಗ್ಗುಗಳನ್ನು ಅರಿಯುವುದು ಬಹುಮಟ್ಟಿಗೆ ಬೆಳಕುನೆರಳುಗಳಿಂದ. ಮೈಯ ಮೇಲಿನ ಒಂದು ಚುಕ್ಕೆ ಎಷ್ಟು ಬೆಳಗುತ್ತದೆಂಬುದು, ಅಲ್ಲಿ ಮೈಗೆ ಲಂಬವಾಗಿ ನಿಂತ ಗೆರೆಗೂ ಬೆಳಕಿಗೂ ಇರುವ ಕೋನವನ್ನು ಅವಲಂಬಿಸಿದೆ. ಆ ಕೋನದ ಕೊಸೈನೇ ಬೆಳಕಿನ ಪ್ರಮಾಣವೆಂಬ ನಿಯಮವನ್ನು ಲ್ಯಾಂಬರ್ಟನು 1760ರಷ್ಟು ಹಿಂದೆಯೇ ಹೇಳಿದ್ದನು. ಕೋನ ಸೊನ್ನೆಯಾದರೆ ಪೂರ್ಣ ಬೆಳಕು, 60 ಡಿಗ್ರಿಯಾದರೆ ಅರ್ಧ, 90 ಡಿಗ್ರಿಯಾದರೆ ಕತ್ತಲೆ.

ಓತಿಯ ಬೆನ್ನಿನ ಮೇಲೆ ಬೆಳಕು 60 ಡಿಗ್ರಿ ಓರೆಯಾಗಿ ಬೀಳುತ್ತಿದೆಯೆನ್ನೋಣ. ಚಪ್ಪಟೆಯ ಚರ್ಮದ ಬೆಳಕು ನೂರಕ್ಕೆ 50. ಹುರುಪೆಯ ಒಂದು ಪಕ್ಕ ಬೆಳಕಿನ ಕಡೆಗೆ 30 ಡಿಗ್ರಿ ವಾಲಿದ್ದರೆ ಅಲ್ಲಿ ಕೋನ 30ಕ್ಕೆ ಇಳಿದು ಬೆಳಕು 87ಕ್ಕೆ ಏರುತ್ತದೆ. ಆಚೆಯ ಪಕ್ಕ ಅಷ್ಟೇ ವಿಮುಖವಾಗಿದ್ದರೆ ಕೋನ 90 ಆಗಿ ಬೆಳಕು ಸೊನ್ನೆ. ಬ್ಲಿನ್ನನ ಉಪಾಯವಿಷ್ಟೆ: ಮೈಯನ್ನು ಚಪ್ಪಟೆಯಾಗಿಯೇ ಬಿಟ್ಟು, ಲೆಕ್ಕದಲ್ಲಿ ಮಾತ್ರ ಆ ಲಂಬರೇಖೆಯನ್ನು ಅತ್ತಿತ್ತ ವಾಲಿಸುವುದು. ಎಲ್ಲಿ ಎಷ್ಟು ವಾಲಿಸಬೇಕೆಂಬುದನ್ನು ಇನ್ನೊಂದು ಚಿತ್ರದಲ್ಲಿ ಬರೆದಿಡುತ್ತೇವೆ. ಬೆಳಕು 87, 50, 0 ಎಂದು ಬದಲಾಗುವುದನ್ನು ಕಂಡ ಕಣ್ಣು, ಇಲ್ಲದ ಹುರುಪೆಯನ್ನು ಇದೆಯೆಂದು ನಂಬುತ್ತದೆ.

ಈ ಮಾಯೆಗೂ ಒಂದು ಮಿತಿಯುಂಟು. ಮೂರ್ತಿಯ ಹೊರಗೆರೆಯನ್ನು ಇದು ಬದಲಾಯಿಸಲಾರದು. ಬೆನ್ನಿನ ನಡುವೆ ಹುರುಪೆ ಕಂಡರೂ ಆಕಾಶದೆದುರು ಕಾಣುವ ಬೆನ್ನಿನ ಅಂಚು ನುಣ್ಣಗೆಯೇ ಇರುತ್ತದೆ. ಆದುದರಿಂದ ಹೊರಗೆರೆಯಲ್ಲಿ ಕಾಣುವ ಪಕ್ಕೆಲುಬಿನ ಏಣು, ಗಂಟಲ ಚೀಲ, ಉಗುರು ಇವನ್ನು ಬಲೆಯಲ್ಲಿಯೇ ಕಡೆಯತಕ್ಕದ್ದು. ಸಣ್ಣ ಹುರುಪೆಗಳನ್ನು ಮಾಯೆಗೆ ಬಿಡಬಹುದು. ಯಾವುದನ್ನು ಎಲ್ಲಿಗೆ ಸೇರಿಸಬೇಕೆಂಬ ವಿವೇಚನೆ ಅನುಭವದಿಂದ ಬರುತ್ತದೆ.

ಆರಂಭಿಸುವವರಿಗೆ

ಇದಕ್ಕೆ ಬೇಕಾದ ತಂತ್ರಾಂಶಕ್ಕೆ ಹಣ ತೆರಬೇಕಾಗಿಲ್ಲ. ‘ಬ್ಲೆಂಡರ್’ ಎಂಬುದು ಎಲ್ಲರಿಗೂ ಮುಕ್ತವಾಗಿದೆ. ಅದರ ಇತಿಹಾಸವೂ ತಿಳಿಯತಕ್ಕದ್ದೇ. ಅದನ್ನು ಮಾರುತ್ತಿದ್ದ ಸಂಸ್ಥೆ ಮುಚ್ಚಿದಾಗ, ಅದನ್ನು ರಚಿಸಿದ ಡಚ್ ದೇಶದ ಟಾನ್ ರೋಸೆಂಡಾಲ್ ಎಂಬವರು 2002ರಲ್ಲಿ ಸಾರ್ವಜನಿಕರಿಂದ ಒಂದು ಲಕ್ಷ ಯೂರೊಗಳನ್ನು ಏಳು ವಾರಗಳಲ್ಲಿ ಕೂಡಿಸಿ ಹಕ್ಕನ್ನು ಕೊಂಡು, ತಂತ್ರಾಂಶವನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಶಿರಸಿಯ ವಿದ್ಯಾರ್ಥಿಗೂ ಲಂಡನ್ನಿನ ಕಲಾವಿದನಿಗೂ ಇಂದು ಅದೇ ಉಳಿ ದೊರೆಯುತ್ತಿದೆ. ಮೌಸಿನಿಂದಲೇ ಆರಂಭಿಸಬಹುದು. ಒತ್ತಡವನ್ನು ಅರಿಯುವ ಲೇಖನಿಯ ಫಲಕವಿದ್ದರೆ ಒತ್ತಿದಷ್ಟು ಆಳವಾಗಿ ಕೊರೆಯುವುದು ಸಾಧ್ಯ. ಆದರೆ ಹವ್ಯಾಸ ನೆಲೆ ನಿಂತ ಮೇಲೆ ಅದನ್ನು ಕೊಂಡರಾಯಿತು. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತು ಹೇಳದೆ ಹೋಗುವುದುಂಟು. ಹತ್ತು ನಿಮಿಷಕ್ಕೊಮ್ಮೆ ಕೆಲಸವನ್ನು ಉಳಿಸಿಕೊಳ್ಳುವ ಅಭ್ಯಾಸ ಒಳ್ಳೆಯದು.

ಇದರಿಂದ ಏನು ಬಂತು ಎಂದು ಮನೆಯ ಹಿರಿಯರು ಕೇಳುವುದು ಸಹಜ. ಚಲಚ್ಚಿತ್ರ ಹಾಗೂ ಆಟಗಳ ಉದ್ಯಮದಲ್ಲಿ ಈ ವಿದ್ಯೆಗೆ ಸ್ಥಾನವಿದೆಯೆಂಬುದು ನಿಜ. ಆದರೆ ಕಲಿತವರೆಲ್ಲರಿಗೂ ಅಲ್ಲಿ ಕೆಲಸ ಸಿಕ್ಕೀತೆಂದು ನಾವು ಹೇಳಲಾರೆವು. ನಮ್ಮ ಉತ್ತರ ಬೇರೆ. ಸಿನಿಮಾದ ಡ್ರ್ಯಾಗನ್ನಿನ ಹಲ್ಲುಗಳನ್ನು ಎಣಿಸಿ ಹೇಳಬಲ್ಲ ಹುಡುಗನಿಗೆ ತನ್ನ ತೋಟದ ಓತಿಗೆ ರೆಕ್ಕೆಯಿದೆಯೋ ಪಕ್ಕೆಯಿದೆಯೋ ಗೊತ್ತಿಲ್ಲದಿರುವುದು ದೊಡ್ಡ ನಷ್ಟ. ಆ ಹುಡುಗರಲ್ಲಿ ನಾವೂ ಸೇರಿದ್ದೆವು. ಕೊನೆಗೌಡರ ಒಂದು ಮಾತಿನ ಬಳಿಕ, ಸಸ್ಯ ಪ್ರಾಣಿಗಳ ಪಾಠದಲ್ಲಿ ಬಾಯಿಪಾಠ ಮಾಡಿದ್ದ ‘ಅವಯವಗಳ ಸಾಮ್ಯ’ ಎಂಬುದು ಮೊದಲ ಬಾರಿಗೆ ಕೈಗೆ ತಗುಲಿತು.

ಈ ರಜೆಯಲ್ಲಿ ಯಂತ್ರದ ಮುಂದೆ ಕೂರುವ ಮೊದಲು ಒಂದು ಪುಸ್ತಕ, ಪೆನ್ಸಿಲು ಹಿಡಿದು ಒಂದು ವಾರ ತೋಟಕ್ಕೆ ಹೋಗಿರಿ. ಓತಿಯನ್ನು ಹಿಡಿಯಬೇಡಿ, ಕಲ್ಲೆಸೆದು ಹಾರಿಸಬೇಡಿ. ಇರುವೆಗಳ ಸಾಲಿನ ಬಳಿ ಅದು ಕಾದು ಕುಳಿತಿರುತ್ತದೆ; ಅದರ ಮುಖ್ಯ ಆಹಾರ ಇರುವೆಯೇ. ನೀವೂ ಅದರಂತೆ ಕಾದು ಕುಳಿತು ತಲೆ, ಕುತ್ತಿಗೆ, ಕೈ, ಬಾಲಗಳ ಪ್ರಮಾಣವನ್ನು ಬರೆದುಕೊಳ್ಳಿ. ಎಲ್ಲಿ ಸಂದೇಹ ಬರುವುದೋ ಅಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿ. ಮರುದಿನ ಅದನ್ನೇ ನೋಡುವುದಕ್ಕಾಗಿ ಮತ್ತೆ ಹೋಗಿರಿ. ನಮ್ಮ ಮೂರನೆಯ ಓತಿಯು ಈಗ ಪರದೆಯ ಮೇಲೆ ಪಟಲದ ಅಂಚನ್ನು ಮುಂಗೈಗಳಿಂದ ಹಿಡಿದು ತೇಲುತ್ತಿದೆ. ಅದರ ಹಿಂಗಾಲುಗಳು ತೇಲುವಾಗ ಎಷ್ಟು ಮಡಿಸಿರುತ್ತವೆಂಬ ಪ್ರಶ್ನೆಯ ಗುರುತು ನಮ್ಮ ಪುಸ್ತಕದಲ್ಲಿ ಇನ್ನೂ ಇದೆ. ನಾಳೆ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ತೋಟಕ್ಕೆ ಹೋಗಬೇಕು.